ಸೊಪ್ಪಿನ ಬೆಟ್ಟಕ್ಕೆ ಬೆಂಕಿ ರೇಖೆ: ಏನು ಸವರಬೇಕು, ಏನು ಬಿಡಬೇಕು?

ಪ್ರಶ್ನೆ: ಶಿರಸಿ ಸೀಮೆಯಲ್ಲಿ ಅಡಿಕೆ ತೋಟ, ಅದರ ಮೇಲ್ಗಡೆ ಇಳಿಜಾರಿನ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡು), ಆಚೆಗೆ ಕಾಡು. ಕಾಳ್ಗಿಚ್ಚು ತೋಟಕ್ಕೆ ಇಳಿಯದಂತೆ ಬೆಂಕಿ ರೇಖೆ, ಅಂದರೆ ಉರಿಯುವಂಥದ್ದನ್ನೆಲ್ಲ ಸವರಿದ ಪಟ್ಟಿ, ಮಾಡಿಸಬೇಕು. ಎಷ್ಟು ಅಗಲ, ಯಾವಾಗ? ಮರ ಕೊಯ್ಯುವ ತಂಡ ಕರೆಸಿ ಅಂಚಿನ ಮರಗಳನ್ನೂ ತೆಗೆಸಲೇ?

ಉತ್ತರ: ದಯವಿಟ್ಟು ಮರ ಮುಟ್ಟಬೇಡಿ. ನಮ್ಮ ಕಡೆಯ ಕಾಳ್ಗಿಚ್ಚು ಹೆಚ್ಚಾಗಿ ನೆಲದಲ್ಲೇ ಹರಿಯುತ್ತದೆ. ದರಕು (ಉದುರಿದ ಒಣ ಎಲೆ), ಒಣಗಿದ ಕರಡದ ಹುಲ್ಲು, ಕುರುಚಲು ಅದರ ಮೇವು. ನೆರಳು ಹೋದರೆ ನೆಲಕ್ಕೆ ಬಿಸಿಲು ಬಿದ್ದು ಒಂದೆರಡು ಮಳೆಗಾಲದಲ್ಲಿ ಅಲ್ಲೇ ಯುಪಟೋರಿಯಂ, ಲಂಟಾನದಂಥ ಕಳೆಪೊದೆಗಳು ಎದೆಮಟ್ಟ ಏಳುತ್ತವೆ. ಜೊತೆಗೆ ಬೆಟ್ಟದಲ್ಲಿ ನಿಮಗಿರುವುದು ಸೊಪ್ಪು, ದರಕಿನ ಸವಲತ್ತು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಮರ ಕಡಿದರೆ ಕೇಸಾಗುತ್ತದೆ. ಕೆಳಗಿನ ರೆಂಬೆಗಳನ್ನು 6–8 ಅಡಿಯವರೆಗೆ ಸವರಿ, ಮರ ಹತ್ತಿದ ಒಣ ಬಳ್ಳಿ ಕತ್ತರಿಸಿದರೆ ಬೆಂಕಿಗೆ ಮೇಲೇರಲು ಏಣಿ ಸಿಗುವುದಿಲ್ಲ.

ಅಗಲ ಪಕ್ಕದ ಕುರುಚಲಿನ ಎತ್ತರದ ಎರಡು-ಮೂರು ಪಟ್ಟು ಇರಲಿ. ಬರೀ ದರಕಿದ್ದರೆ 6–8 ಅಡಿ, ಆಳೆತ್ತರದ ಲಂಟಾನವಿದ್ದರೆ 15 ಅಡಿಗೆ ಕಡಿಮೆ ಬೇಡ. ನಡುವೆ 2–3 ಅಡಿ ಪಟ್ಟಿಯನ್ನು ಗುದ್ದಲಿಯಿಂದ ಹೆರೆದು ಮಣ್ಣು ಕಾಣಿಸಲೇಬೇಕು. ಇಲ್ಲದಿದ್ದರೆ ದರಕಿನ ಅಡಿಪದರ ಹೊಗೆಯಾಡುತ್ತಲೇ ಬೆಂಕಿಯನ್ನು ಆಚೆ ದಾಟಿಸುತ್ತದೆ. ಪೂರ್ತಿ ಅಗಲವನ್ನು ಹೆರೆಯಬೇಡಿ, ಮಳೆಗಾಲದಲ್ಲಿ ಮಣ್ಣು ತೊಳೆದುಹೋಗುತ್ತದೆ.

ಉತ್ತರ: ಹುಲ್ಲು ಇನ್ನೂ ಅರೆಹಸಿ ಇರುವ ಡಿಸೆಂಬರಿನಲ್ಲೇ ಸವರಿಸಿ. ಆದರೆ ಅಲ್ಲಿಗೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಜನವರಿಯಿಂದ ಎಲೆ ಉದುರಿ ರೇಖೆ ಮತ್ತೆ ಮುಚ್ಚುತ್ತದೆ. ಮುಂಗಾರು ಪೂರ್ವ ಮಳೆ ಬರುವವರೆಗೂ ಎರಡು ವಾರಕ್ಕೊಮ್ಮೆ ಗುಡಿಸಬೇಕು. ಎಲೆ ಊದುವ ಬ್ಲೋವರ್ ಇದ್ದರೆ ಒಬ್ಬರೇ ಸಾಕು. ಗುಡಿಸಿದ್ದನ್ನು ರೇಖೆಯ ಅಂಚಿಗೇ ರಾಶಿ ಹಾಕಿದರೆ ಜ್ವಾಲೆ ಅಲ್ಲೇ ಎತ್ತರಕ್ಕೆದ್ದು ಕಿಡಿ ದಾಟುತ್ತದೆ. ಕೊಟ್ಟಿಗೆಗೆ ಹಾಸಿ, ಗೊಬ್ಬರವಾದ ಮೇಲೆ ತೋಟಕ್ಕೆ ಹೋಗಲಿ. ರಾಶಿಗೆ ಬೆಂಕಿಯಿಡುವುದಂತೂ ಬೇಡವೇ ಬೇಡ.

ಉತ್ತರ: ಬೆಂಕಿ ಏರಿನಲ್ಲಿ ಓಡುತ್ತದೆ, ಇಳಿಜಾರಿನಲ್ಲಿ ನಿಧಾನ. ಆದರೆ ತೋಟ ಕೆಳಗಿರುವುದರಿಂದ ನಿಮಗೆ ಅಪಾಯ ಉರುಳಿ ಬರುವ ಕೆಂಡದ ಕೊರಡುಗಳದ್ದು. ತೋಟದ ಮೇಲಂಚಿನ ರೇಖೆಯಲ್ಲಿ ಒಂದಡಿ ಆಳದ ಚರಂಡಿ ತೋಡಿ, ಮಣ್ಣನ್ನು ಕೆಳಬದಿಗೆ ಬದುವಾಗಿ ಹಾಕಿ. ಕೊರಡು ಅಲ್ಲೇ ನಿಲ್ಲುತ್ತದೆ. ಗುಡ್ಡದ ತಲೆಗೂ ಒಂದು ರೇಖೆ ಬೇಕಾದರೆ ಬೆಂಕಿ ಏರಿ ಬರುವ ಮೈಯಲ್ಲಿ ಬೇಡ, ತಲೆ ದಾಟಿದ ಹಿಂಬದಿಯಲ್ಲಿ ಮಾಡಿ.

ಉತ್ತರ: ಲಂಟಾನವನ್ನು ನೆಲಮಟ್ಟದಲ್ಲಿ ಕೊಚ್ಚಿದರೆ ಮತ್ತೆ ಚಿಗುರುತ್ತದೆ. ತಾಯಿಬೇರನ್ನು ಮಣ್ಣಿನಿಂದ 3–5 ಸೆಂ.ಮೀ. ಕೆಳಗೆ ಕತ್ತರಿಸಿ, ಬುಡ ಮೇಲಾಗಿ ತಿರುಗಿಸಿಡಿ. ಹಣ್ಣಾಗುವ ಮೊದಲೇ ಮಾಡಿ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ಸುಟ್ಟಾಗ ಒಣ ಲಂಟಾನವೂ ಉರಿಗೆ ಒದಗಿತ್ತು.

ಹುಲ್ಲು-ಕುರುಚಲು ಸವರುವ ಕಟರ್ ಮಷಿನ್ನಿನ ಕಬ್ಬಿಣದ ಬ್ಲೇಡ್ ಕಲ್ಲಿಗೆ ತಾಗಿದರೆ ಕಿಡಿ ಏಳುತ್ತದೆ. ಒಣ ಹುಲ್ಲಿಗೆ ನೈಲಾನ್ ದಾರ ಹಾಕಿ, ಬೆಳಗಿನ ಇಬ್ಬನಿ ಆರುವ ಮೊದಲೇ ಮುಗಿಸಿ. ಪೆಟ್ರೋಲ್ ತುಂಬುವ ಮೊದಲು ಎಂಜಿನ್ ಹತ್ತು ನಿಮಿಷ ತಣಿಯಲಿ. ತುಂಬಿದ ಜಾಗದಿಂದ ಹತ್ತಡಿ ದೂರ ಹೋಗಿ ಸ್ಟಾರ್ಟ್ ಮಾಡಿ.

ಉತ್ತರ: ಕೊಯ್ಯುವ ತಂಡ ಬೇಕಾಗುವುದು ಮಾಲ್ಕಿ (ಸ್ವಂತ) ಜಾಗದ ಸತ್ತ ಮರ ಅಥವಾ ಸಿಲ್ವರ್ ಓಕಿಗೆ ಮಾತ್ರ. ಕೊಯ್ಯುವವರು, ಹಗ್ಗ ಹಿಡಿಯುವವರು, ರೆಂಬೆ ಸವರುವವರು, ಹೊರುವವರು ಇದ್ದಾರೆಯೇ, ರೇಟಿನಲ್ಲಿ ರೆಂಬೆ ಸಾಗಿಸುವ ಕೆಲಸವೂ ಸೇರಿದೆಯೇ ಎಂದು ಮೊದಲೇ ಮಾತಾಡಿ. ಎಷ್ಟೋ ತಂಡಗಳು ನಾಟಾ (ಮರದ ದಿಮ್ಮಿ) ಒಯ್ದು ಸೊಪ್ಪುಸದೆಯನ್ನು ಅಲ್ಲೇ ಬಿಡುತ್ತವೆ. ಮಾರ್ಚ್ ಹೊತ್ತಿಗೆ ಅದೇ ಉರಿಯುವ ರಾಶಿ. ಮರ ಬೀಳುವ ಬದಿಗೆ ಹಾಕುವ ಕಚ್ಚು ಬುಡದ ದಪ್ಪದ ಕಾಲುಭಾಗ, ಹಿಂಬದಿಯಿಂದ ಕೊಯ್ಯುವಾಗ ನಡುವೆ ಕೊಯ್ಯದೆ ಉಳಿಸುವ ಪಟ್ಟಿ ಹತ್ತನೇ ಒಂದು ಭಾಗ ಇರಲಿ. ಮರದ ಎತ್ತರದ ಎರಡರಷ್ಟು ದೂರದೊಳಗೆ ಬೇರೆಯವರು ನಿಲ್ಲಬಾರದು.

ಉತ್ತರ: ಮನೆಯ ಗೋಡೆಯಿಂದ 5 ಅಡಿ ಪೂರ್ತಿ ಖಾಲಿಯಿರಲಿ. ಹಂಚಿನ ಸಂದಿನ ಎಲೆ ತೆಗೆಯಿರಿ. ಹುಲ್ಲಿನ ಗೊಣಬೆ, ಸೌದೆ 30 ಅಡಿ ದೂರವಿರಲಿ. ಹೊಗೆ ಕಂಡ ಕೂಡಲೇ ಅರಣ್ಯ ಸಹಾಯವಾಣಿ 1926, ಅಗ್ನಿಶಾಮಕಕ್ಕೆ 101. ಭಾರತೀಯ ಅರಣ್ಯ ಸಮೀಕ್ಷೆಯ ಉಪಗ್ರಹ ಎಚ್ಚರಿಕೆಗೆ ಮೊಬೈಲ್ ನಂಬರ್ ನೋಂದಾಯಿಸಬಹುದು, ಆದರೆ ಉಪಗ್ರಹ ಹಾದುಹೋದ ಮೇಲಷ್ಟೇ ಸಂದೇಶ ಬರುತ್ತದೆ. ಅದನ್ನೇ ನಂಬಿ ಕೂರದೆ, ಫೆಬ್ರವರಿಯಿಂದ ಅಕ್ಕಪಕ್ಕದ ತೋಟದವರೊಂದಿಗೆ ಮಧ್ಯಾಹ್ನದ ಕಾವಲಿನ ಪಾಳಿ ಹಂಚಿಕೊಳ್ಳಿ.