ನೆಟ್ ಇಲ್ಲದೆ ಲ್ಯಾಪ್‌ಟಾಪ್‌ನಲ್ಲಿ ಟಿವಿ ನೋಡಿದವರು ಇದ್ದೀರಾ? ಅನುಭವ ಹೇಳಿ

ಪಾಂಡವಪುರ ಹೊಸಬ:
ನಮಸ್ಕಾರ ಎಲ್ಲರಿಗೂ. ನಾವು ತೋಟದ ಮನೆಯಲ್ಲಿ ಇದ್ದೇವೆ. ನೆಟ್ ಇಲ್ಲ, ಫೋನ್ ಮಾಡಬೇಕಾದರೂ ಮಾಳಿಗೆ ಹತ್ತಬೇಕು. ಇದನ್ನೂ ಅಲ್ಲೇ ಕೂತು ಬರೆಯುತ್ತಿದ್ದೇನೆ. ಹೋದ ತಿಂಗಳು ಸಿಡಿಲಿಗೆ ಟಿವಿ ಸುಟ್ಟುಹೋಯಿತು. ದೂರದರ್ಶನದ ಫ್ರೀ ಡಿಶ್ ಬಾಕ್ಸ್ (ತಿಂಗಳ ದುಡ್ಡು ಕಟ್ಟಬೇಕಿಲ್ಲದ್ದು) ಮಾತ್ರ ಹೇಗೋ ಉಳಿದಿದೆ. ತಂಗಿ ಬಿಟ್ಟುಹೋದ ಹಳೇ ಲ್ಯಾಪ್‌ಟಾಪ್ ಒಂದಿದೆ. ಬಾಕ್ಸಿನ ಎಚ್‌ಡಿಎಂಐ ವೈರನ್ನು ಅದಕ್ಕೆ ಚುಚ್ಚಿದೆ, ಏನೂ ಬರಲಿಲ್ಲ. ಅಪ್ಪನಿಗೆ ಚಂದನದ ವಾರ್ತೆ, ಮ್ಯಾಚ್ ಇದ್ದರೆ ಮ್ಯಾಚ್, ಅಷ್ಟೇ. 2000 ರೂಪಾಯಿ ಒಳಗೆ ದಾರಿ ಇದೆಯಾ?

ಕುವೆಂಪುನಗರ ಮೇಷ್ಟ್ರು:
ಈ ವಿಷಯ ಎತ್ತಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತೆ. 2012ರಲ್ಲಿ 1850 ರೂಪಾಯಿ ಕೊಟ್ಟು ಯುಎಸ್‌ಬಿ ಟಿವಿ ಟ್ಯೂನರ್ ತಂದೆ. ಹೆಬ್ಬೆರಳಿನಷ್ಟು ಉದ್ದ. ಕೇಬಲ್ ವೈರನ್ನು ಅದಕ್ಕೆ ತಿರುಪಿದರೆ ಸಾಕು, ಬಾಕ್ಸೂ ಬೇಡ, ಏನೂ ಬೇಡ. ರಾತ್ರಿ ಉತ್ತರಪತ್ರಿಕೆ ತಿದ್ದುತ್ತಾ ಪರದೆಯ ಮೂಲೆಯಲ್ಲಿ ಹಳೇ ಹಾಡು ಹಾಕಿಕೊಂಡು ಕೂರುತ್ತಿದ್ದೆ. ಅಷ್ಟರಲ್ಲಿ ಕೇಬಲ್ ಎಲ್ಲ ಡಿಜಿಟಲ್ ಆಗಬೇಕು, ಸೆಟ್‌ಟಾಪ್ ಬಾಕ್ಸ್ ಕಡ್ಡಾಯ ಅಂತ ಬಂತು. ಎರಡನೇ ಹಂತದ ಊರುಗಳಲ್ಲಿ ಮೈಸೂರೂ ಇತ್ತು, ಗಡುವು 2013ರ ಮಾರ್ಚ್ 31. ನನ್ನ ಟ್ಯೂನರ್ ಹಿಡಿಯುತ್ತಿದ್ದುದು ಹಳೇ ಅನಲಾಗ್ ಸಿಗ್ನಲ್ ಮಾತ್ರ. ಆಮೇಲೆ ಒಂದೊಂದೇ ಚಾನೆಲ್ ಹೋಗಿ ಬರೀ ಇರುವೆ ಓಡಾಡುವ ಪರದೆ. ಛಲ ಬಿಡದೆ ಮಾಡಿನ ಮೇಲಿದ್ದ ಹಳೇ ಆಂಟೆನಾವನ್ನು ಚಾಮುಂಡಿ ಬೆಟ್ಟದ ಕಡೆ ತಿರುಗಿಸಿ ದೂರದರ್ಶನ ಹಿಡಿದೆ. ಕೊನೆಗೆ ಅದೂ ನಿಂತಿತು. ಈಗ ಆ ಆಂಟೆನಾ ಮೇಲೆ ಕಾಗೆ ಕೂರುತ್ತೆ. ಯಾರಾದರೂ ಹಳೇ ಟ್ಯೂನರ್ ಅಗ್ಗಕ್ಕೆ ಕೊಡುತ್ತೇನೆ ಅಂದರೆ ಕೈ ಮುಗಿದು ಬಂದುಬಿಡಿ.

ವಿಜಯನಗರ 4ನೇ ಹಂತ:
ಮೊದಲು ಒಂದು ವಿಷಯ. ಲ್ಯಾಪ್‌ಟಾಪಿನ ಎಚ್‌ಡಿಎಂಐ ಕಿಂಡಿ ಹೊರಗೆ ಕಳಿಸೋಕೆ ಇರೋದು. ಒಳಗೆ ತಗೊಳ್ಳಲ್ಲ. ನೀವು ಚುಚ್ಚಿದ್ದು ಎರಡು ನಲ್ಲಿಗೆ ಒಂದು ಪೈಪ್ ಹಾಕಿದ ಹಾಗೆ.

ಇನ್ನು ಬಾಕ್ಸಿನ ಚಿತ್ರವನ್ನು ಲ್ಯಾಪ್‌ಟಾಪಿನ ಒಳಗೆ ತರೋ ಕ್ಯಾಪ್ಚರ್ ಕಾರ್ಡ್ ತಗೊಳ್ಳಿ ಅಂತ ಯಾರಾದರೂ ಬಂದೇ ಬರುತ್ತಾರೆ. ನಾನು ತಗೊಂಡೆ, 1150 ರೂಪಾಯಿ. ಪೆನ್‌ಡ್ರೈವ್ ಥರ ಇರುತ್ತೆ, ಒಂದು ಕಡೆ ಎಚ್‌ಡಿಎಂಐ, ಇನ್ನೊಂದು ಕಡೆ ಯುಎಸ್‌ಬಿ. ಮನೆಯ ಡಿಟಿಎಚ್ ಬಾಕ್ಸಿಗೆ ಹಾಕಿದರೆ ಕಪ್ಪು. ಸುಮ್ನೆ ಕಪ್ಪು. ವೈರ್ ಕೆಟ್ಟಿರಬೇಕು ಅಂತ 250 ಕೊಟ್ಟು ಇನ್ನೊಂದು ವೈರ್ ತಂದೆ. ಪೋರ್ಟ್ ಬದಲಾಯಿಸಿದೆ. ಇಡೀ ವಿಂಡೋಸ್ ಹೊಸದಾಗಿ ಹಾಕಿದೆ, ಅದರಲ್ಲಿ ಮಗಳ ಹುಟ್ಟುಹಬ್ಬದ ಫೋಟೋಗಳು ಹೋದವು. ಆಮೇಲೆ ಗೊತ್ತಾಗಿದ್ದು ಎಚ್‌ಡಿಸಿಪಿ ಅಂತ ಒಂದು ಬೀಗ ಇದೆ, ನಕಲು ಮಾಡಬಾರದು ಅಂತ ಬಾಕ್ಸೇ ಚಿತ್ರ ತಡೆಯುತ್ತೆ ಅಂತ. ಒಟ್ಟು 1400 ರೂಪಾಯಿ, ಒಂದು ಭಾನುವಾರ, ಮತ್ತು ಹೆಂಡತಿಯ ಬೈಗುಳ. ಈ ದಾರಿಗೇ ಹೋಗಬೇಡಿ.

ಮದ್ದೂರು ಎಕ್ಸ್‌ಪ್ರೆಸ್:
ಸ್ವಾಮಿ, ನಿಮ್ಮದು ದುಡ್ಡು ಕಟ್ಟುವ ಬಾಕ್ಸು. ಅವರದ್ದು ಫ್ರೀ ಡಿಶ್. ನನ್ನ ಹತ್ತಿರ ಅದೇ ಥರದ ಕಾರ್ಡು, ಫ್ರೀ ಡಿಶ್ ಬಾಕ್ಸಿಗೆ ಹಾಕಿದೆ, ಮೊದಲನೇ ಸಲವೇ ಬಂತು. ಓದದೆ ಹೆದರಿಸಬೇಡಿ.

ವಿಜಯನಗರ 4ನೇ ಹಂತ:
ಓದಿದ್ದೇನೆ ಸ್ವಾಮಿ. ಎಲ್ಲ ಫ್ರೀ ಡಿಶ್ ಬಾಕ್ಸೂ ಒಂದೇ ಥರ ಅಂತ ನಿಮಗೆ ಯಾರು ಹೇಳಿದರು? ನಿಮಗೆ ಬಂದರೆ ಲೋಕಕ್ಕೆಲ್ಲ ಬರುತ್ತಾ?

ಮದ್ದೂರು ಎಕ್ಸ್‌ಪ್ರೆಸ್:
ನಿಮಗೆ ಬರದಿದ್ದರೆ ಲೋಕಕ್ಕೆ ಬರಬಾರದಾ? ಫೋಟೋ ಹೋಗಿದ್ದಕ್ಕೆ ಕಾರ್ಡ್ ಏನು ಮಾಡುತ್ತೆ?

ಮಳವಳ್ಳಿ ವೈರ್‌ಮ್ಯಾನ್:
ಇಬ್ಬರೂ ಬಿಡ್ರಣ್ಣ. ಹಳದಿ, ಕೆಂಪು, ಬಿಳಿ ಮೂರು ಪಿನ್ ಇದೆಯಲ್ಲ ಬಾಕ್ಸಿನ ಹಿಂದೆ, ಆ ಎವಿ ವೈರಿಗೆ ಯಾವ ಬೀಗವೂ ಅಡ್ಡ ಬರಲಿಲ್ಲ ನನಗೆ. ಎವಿ ಕ್ಯಾಪ್ಚರ್ ಅಂತ ಸಿಗುತ್ತೆ, ನಾನು 650ಕ್ಕೆ ತಂದೆ. ಆದರೆ ಪಟ್ಟ ಪಾಡು ಕೇಳಿ.

ಡ್ರೈವರ್, ಅಂದರೆ ಅದನ್ನು ಓಡಿಸುವ ಸಾಫ್ಟ್‌ವೇರ್, ಅಂತ ಅದರ ಜೊತೆ ಅಂಗೈ ಅಗಲದ ಪುಟ್ಟ ಸಿಡಿ ಕೊಟ್ಟರು. ನನ್ನ ಲ್ಯಾಪ್‌ಟಾಪಿಗೆ ಸಿಡಿ ಡ್ರೈವೇ ಇಲ್ಲ! ನೆಟ್ ಇಲ್ಲದವನಿಗೆ ಮಾಡಿದ ವಸ್ತು, ಡ್ರೈವರ್ ಬೇಕಾದರೆ ನೆಟ್ ಬೇಕು. ಪೇಟೆಗೆ ಹೋಗಿ ಸೈಬರ್‌ನಲ್ಲಿ 40 ರೂಪಾಯಿ ಕೊಟ್ಟು ಪೆನ್‌ಡ್ರೈವಿಗೆ ಹಾಕಿಸಿದೆ, ವಿಡಿಯೋ ನೋಡುವ ವಿಎಲ್‌ಸಿ ಸಾಫ್ಟ್‌ವೇರನ್ನೂ ಅಲ್ಲೇ ಇಳಿಸಿಕೊಂಡೆ. ಮನೆಗೆ ಬಂದರೆ ತಪ್ಪು ಡ್ರೈವರ್. ಹೊರಗಿನ ಡಬ್ಬ ಒಂದೇ ಆದರೂ ಒಳಗಿನ ಚಿಪ್ ಬೇರೆ ಬೇರೆ ಇರುತ್ತೆ. ಮತ್ತೆ ಹೋದೆ, ಮತ್ತೆ 40, ಬಸ್ ಚಾರ್ಜು ಬೇರೆ. ಮೂರನೇ ದಿನ ಚಿತ್ರ ಬಂತು, ಕಪ್ಪು ಬಿಳುಪು, ಅದೂ ಮೇಲಿಂದ ಕೆಳಕ್ಕೆ ಉರುಳುತ್ತಿದೆ. ಟಿವಿ ಚಿತ್ರದ ಪದ್ಧತಿಯ ಸೆಟ್ಟಿಂಗ್ ಎನ್‌ಟಿಎಸ್‌ಸಿಯಲ್ಲಿತ್ತು, ನಮ್ಮ ದೇಶಕ್ಕೆ ಪಾಲ್ ಇರಬೇಕು. ಬದಲಾಯಿಸಿದ ತಕ್ಷಣ ಬಣ್ಣ ಬಂತು. ಬೌಲರ್ ಓಡಿ ಬರುವಾಗ ಮೈಯೆಲ್ಲ ಬಾಚಣಿಗೆ ಹಲ್ಲಿನ ಥರ ಗೆರೆ. ವಿಎಲ್‌ಸಿಯಲ್ಲಿ ಡಿ ಅಕ್ಷರ ಒತ್ತಿ, ಹೋಗುತ್ತೆ. ಶಬ್ದ ಬರಲಿಲ್ಲ ಅಂದರೆ ಆಡಿಯೋ ಡಿವೈಸ್ ಜಾಗದಲ್ಲಿ ಆ ಕಾರ್ಡಿನ ಹೆಸರನ್ನೇ ಆರಿಸಬೇಕು, ನಾನು ಲ್ಯಾಪ್‌ಟಾಪಿನ ಮೈಕ್ ಆರಿಸಿ ಅರ್ಧ ದಿನ ನಮ್ಮ ಎಮ್ಮೆಯ ಕೂಗನ್ನೇ ಕೇಳಿದೆ. ಈಗ ಎರಡು ವರ್ಷದಿಂದ ಓಡುತ್ತಿದೆ.

ಗಂಜಾಂ ಡಿಶ್:
ಎಲ್ಲರೂ ಬಾಕ್ಸಿಗೇ ಜೋತುಬಿದ್ದಿದ್ದೀರಿ. ಬಾಕ್ಸೇ ಬೇಡ. ಡಿಶ್ ಸಿಗ್ನಲ್ಲನ್ನೇ ಓದುವ ಡಿವಿಬಿ ಎಸ್2 ಯುಎಸ್‌ಬಿ ಟ್ಯೂನರ್ ಹಾಕಿ, ಡಿಶ್ ವೈರ್ ನೇರ ಅದಕ್ಕೆ. ಬೀಗ ಇಲ್ಲದ ಚಾನೆಲ್‌ಗಳೆಲ್ಲ ಬರುತ್ತವೆ, ರೆಕಾರ್ಡೂ ಮಾಡಬಹುದು. ನನಗೆ 4600 ಬಿತ್ತು. ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ 13 ಇಲ್ಲವೇ 18 ವೋಲ್ಟ್ ಬೇಕು, ಯುಎಸ್‌ಬಿ ಕೊಡೋದು 5, ಅದಕ್ಕೆ ಟ್ಯೂನರಿಗೆ ಬೇರೆ ಅಡಾಪ್ಟರ್ ಇರಲೇಬೇಕು. ನನ್ನ ತಪ್ಪು ಏನಪ್ಪ ಅಂದರೆ ಸಿಂಬಲ್ ರೇಟ್, ಅಂದರೆ ಸಿಗ್ನಲ್ ಬರುವ ವೇಗದ ಅಂಕಿ, ಹಳೇ ಅಭ್ಯಾಸದಲ್ಲಿ 27500 ಹೊಡೆದೆ. ಫ್ರೀ ಡಿಶ್‌ಗೆ 29500. ನಾಲ್ಕು ದಿನ ಮಾಡಿನ ಮೇಲೆ ಬಿಸಿಲಲ್ಲಿ ಡಿಶ್ ತಿರುಗಿಸಿದ್ದೇ ತಿರುಗಿಸಿದ್ದು, ಹೆಂಡತಿ ಕೆಳಗಿನಿಂದ ‘ಬಂತಾ?’ ಅನ್ನೋದು, ನಾನು ‘ನೀನೇ ನೋಡಿ ಹೇಳಬೇಕು’ ಅನ್ನೋದು. ಡಿಶ್ ಸರಿಯಾಗೇ ಇತ್ತು! ಆಗ್ನೇಯಕ್ಕೆ ಇನ್ಸಾಟ್ 4ಬಿ ಉಪಗ್ರಹದ ಕಡೆ ಮುಖ ಮಾಡಬೇಕು, ಅಷ್ಟೇ.

ಸರಸ್ವತೀಪುರಂ ಸಾಹೇಬ್ರು:
ಇನ್ಸಾಟ್ 4ಬಿ ಯಾವ ಕಾಲದ್ದು ಮಾರಾಯರೇ. ಈಗಿರುವುದು ಜಿಸ್ಯಾಟ್ 15, 2015ರ ನವೆಂಬರಿನಲ್ಲಿ ಹಾರಿಸಿದ್ದು.

ಗಂಜಾಂ ಡಿಶ್:
ಎರಡಕ್ಕೂ ಜಾಗ ಒಂದೇ, 93.5 ಡಿಗ್ರಿ ಪೂರ್ವ. ಡಿಶ್‌ಗೆ ಹೆಸರು ಗೊತ್ತಾಗಲ್ಲ.

ಸರಸ್ವತೀಪುರಂ ಸಾಹೇಬ್ರು:
ತಪ್ಪು ತಪ್ಪೇ. ಮತ್ತೆ ಅವರ ಬಜೆಟ್ 2000, ನೀವು ಹೇಳುತ್ತಿರುವುದು 4600. ಅದಕ್ಕೆ ಇನ್ನಷ್ಟು ಸೇರಿಸಿದರೆ 24 ಇಂಚಿನ ಟಿವಿಯೇ ಬರುತ್ತೆ. ನಾನು ಹಾಗೇ ಮಾಡಿದ್ದು. ಈ ಕಸರತ್ತೆಲ್ಲ ಯಾಕೆ?

ಮಳವಳ್ಳಿ ವೈರ್‌ಮ್ಯಾನ್:
ನೀವು ಮೈಸೂರಲ್ಲಿ ಕೂತು ಹೇಳ್ತೀರಿ. ಇಲ್ಲಿ ಮ್ಯಾಚಿನ ಕೊನೇ ಓವರಿಗೆ ಸರಿಯಾಗಿ ಕರೆಂಟ್ ಹೋಗುತ್ತೆ. ನಿಮ್ಮ 24 ಇಂಚನ್ನು ಕನ್ನಡಿ ಮಾಡಿಕೊಳ್ಳಬೇಕು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ.

ಸರಸ್ವತೀಪುರಂ ಸಾಹೇಬ್ರು:
ಲ್ಯಾಪ್‌ಟಾಪಿಗೆ ಇದೆ. ಬಾಕ್ಸಿಗೆ?

ಮಳವಳ್ಳಿ ವೈರ್‌ಮ್ಯಾನ್:
ಅದಕ್ಕೆ ರೂಟರ್‌ಗೆ ಹಾಕುವ ಪುಟ್ಟ ಯುಪಿಎಸ್ ಇಟ್ಟಿದ್ದೇನೆ, 12 ವೋಲ್ಟ್, 1300 ರೂಪಾಯಿ. ಬಾಕ್ಸಿನ ಅಡಾಪ್ಟರ್ ಮೇಲೆ 12 ಅಂತ ಬರೆದಿದೆಯಾ ನೋಡಿಕೊಂಡೇ ಹಾಕಬೇಕು.

ವಿಜಯನಗರ 4ನೇ ಹಂತ:
650, 80, ಬಸ್ ಚಾರ್ಜು, 1300. ಇವರದ್ದೂ 2000 ದಾಟಿತು. ನನ್ನನ್ನು ಬೈದವರು ಈಗ ಎಲ್ಲಿ?

ಮದ್ದೂರು ಎಕ್ಸ್‌ಪ್ರೆಸ್:
ಇಲ್ಲೇ ಇದ್ದೇನೆ, ಫ್ರೀ ಡಿಶ್ ನೋಡುತ್ತಿದ್ದೇನೆ, ಅದೇ ಕಾರ್ಡಿನಲ್ಲಿ.

ಕುವೆಂಪುನಗರ ಮೇಷ್ಟ್ರು:
ಆಗ್ನೇಯ ಅಂದಿರಲ್ಲ, ನಮ್ಮ ಮನೆಯಲ್ಲಿ ಆ ಮೂಲೆಯಲ್ಲಿ ಸೋಲಾರ್ ಇದೆ. ಡಿಶ್ ಬೇರೆ ಕಡೆ ಇಟ್ಟರೆ ವಾಸ್ತು ಪ್ರಕಾರ ತೊಂದರೆಯಾ?

ಗಂಜಾಂ ಡಿಶ್:
ಮೇಷ್ಟ್ರೇ, ಡಿಶ್ ಎಲ್ಲಿ ಬೇಕಾದರೂ ಇಡಿ, ಮುಖ ಆ ಕಡೆ ಇರಬೇಕು. ನಮ್ಮ ಕಡೆಯಿಂದ ಉಪಗ್ರಹ ತುಂಬಾ ಮೇಲಿದೆ, 65 ಡಿಗ್ರಿ ಹತ್ತಿರ. ಹಾಗಾಗಿ ಪಕ್ಕದ ಮನೆ ಅಡ್ಡ ಬರೋದು ಕಡಿಮೆ. ಅಡ್ಡ ಬರೋದು ತೆಂಗಿನ ಗರಿ. ನನ್ನದಕ್ಕೆ ಗಾಳಿ ಬೀಸಿದಾಗಲೆಲ್ಲ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು. ಒಂದು ಗರಿ ಕಡಿಸಿದ್ದಕ್ಕೆ ಮರದ ಮಾಲೀಕ, ಅಂದರೆ ನಮ್ಮ ದಾಯಾದಿ, ಈಗಲೂ ಮಾತು ಬಿಟ್ಟಿದ್ದಾನೆ. ಆ ಮರವನ್ನು ನೆಟ್ಟಿದ್ದೇ ನಮ್ಮ ತಾತ.

ಸರಸ್ವತೀಪುರಂ ಸಾಹೇಬ್ರು:
ಪಾಲುಪಟ್ಟಿಯಲ್ಲಿ ಮರ ಯಾರ ಭಾಗಕ್ಕೆ ಬಂದಿದೆ?

ಗಂಜಾಂ ಡಿಶ್:
ಅದನ್ನು ಕೇಳಬೇಡಿ. ಬುಡ ಅವನದ್ದು, ನೆರಳು ನಮ್ಮದು.

ಪಾಂಡವಪುರ ಹೊಸಬ:
ಎಲ್ಲರಿಗೂ ಧನ್ಯವಾದ. ಬಾಕ್ಸಿನ ಹಿಂದೆ ಮೂರು ಬಣ್ಣದ ಪಿನ್ ಇದೆ. ಅಡಾಪ್ಟರ್ ಮೇಲೆ 12 ಅಂತಲೂ ಇದೆ. ವಿಜಯನಗರದ ಅಣ್ಣಾ, ನಿಮ್ಮ ಕಪ್ಪು ತೋರಿಸುವ ಕಾರ್ಡು ಇನ್ನೂ ಇದೆಯಾ? ಮದ್ದೂರಿನವರು ಹೇಳಿದ ಹಾಗೆ ನಮ್ಮ ಬಾಕ್ಸಿಗೆ ಹಾಕಿ ನೋಡುತ್ತೇನೆ. 400 ಕೊಡುತ್ತೇನೆ.

ವಿಜಯನಗರ 4ನೇ ಹಂತ:
ಇದೆ. 700.

ಮದ್ದೂರು ಎಕ್ಸ್‌ಪ್ರೆಸ್:
ಈಗ ಕೆಲಸ ಮಾಡುತ್ತಾ ನಿಮ್ಮ ಕಾರ್ಡು?

ವಿಜಯನಗರ 4ನೇ ಹಂತ:
500. ವೈರೂ ಸೇರಿ. ಶನಿವಾರ ಬಂದು ತಗೊಂಡುಹೋಗಲಿ.