ಪ್ರಶ್ನೋತ್ತರ: ನಿಂತುಹೋದ ಹಳೆ ಬ್ಲ್ಯಾಂಕ್‌ಗಳು, ಕೈಯಲ್ಲಿ ಕಟ್ಟುವ ಗಾಳದ ರಾಡ್‌ಗಳು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ರಾತ್ರಿ ಎಂಟರಿಂದ ಬಳ್ಳಾರಿಯ ರಾಡ್ ಕಟ್ಟುವ ಅಣ್ಣ ಗುಂಪಿನಲ್ಲಿ ಇರುತ್ತಾರೆ. ಒಬ್ಬರಿಗೆ ಒಂದು ಪ್ರಶ್ನೆ. ಗುಡ್ ನೈಟ್ ಫೋಟೋ ಹಾಕಬೇಡಿ, ದಯವಿಟ್ಟು.

ಗಂಗಾವತಿ ಸೋನಾ: ಅಣ್ಣಾ, ಹಳೆ ಕಾಲದ ಗ್ಲಾಸ್ ಬ್ಲ್ಯಾಂಕ್ ಎಲ್ಲಿ ಸಿಗುತ್ತೆ? ಬ್ಲ್ಯಾಂಕ್ ಅಂದ್ರೆ ಬರೀ ಕೋಲು ತಾನೇ?

ರಾಡ್ ಅಣ್ಣ: ಹೌದು. ಗೈಡ್ ಅಂದರೆ ದಾರ ಹಾಯುವ ಉಂಗುರ ಇಲ್ಲ, ಹಿಡಿ ಇಲ್ಲ, ರೀಲ್ ಕೂರಿಸುವ ರೀಲ್ ಸೀಟ್ ಇಲ್ಲ, ಬರೀ ಟೊಳ್ಳು ಕೋಲು. ಉಕ್ಕಿನ ಸರಳಿನ ಮೇಲೆ ಗಾಜಿನ ನಾರಿನ ಬಟ್ಟೆ ಸುತ್ತಿ, ರಾಳ ಕಾಯಿಸಿ, ಸರಳು ಎಳೆದುಬಿಡುತ್ತಾರೆ. 1973ರಲ್ಲಿ ಅಮೆರಿಕದ ಫೆನ್ವಿಕ್ ಕಂಪನಿಯವರು ಗ್ರಾಫೈಟ್ ರಾಡ್, ಅಂದರೆ ಕಾರ್ಬನ್ ನಾರಿನ ರಾಡ್ ತಂದರು. ಆಮೇಲೆ ಒಬ್ಬೊಬ್ಬರೇ ಗ್ಲಾಸ್ ಕಡಿಮೆ ಮಾಡಿದರು. ಕೋಲಿನ ಬಾಗು ಬರುವುದು ಒಳಗಿನ ಸರಳಿನ ಆಕಾರದಿಂದ, ಆ ಸರಳು ಮೂಲೆಗೆ ಬಿದ್ದರೆ ಆ ಬಾಗೂ ಹೋಯಿತು. ಅಂಗಡಿಯಲ್ಲಿ ಹುಡುಕಬೇಡಿ. ಯಾರ ಮನೆಯ ಅಟ್ಟದಲ್ಲಾದರೂ ಹಳೆ ರಾಡ್ ಇದ್ದರೆ ಕೊಂಡು, ಗೈಡ್ ಬಿಚ್ಚಿ, ಬ್ಲ್ಯಾಂಕ್ ಉಳಿಸಿಕೊಳ್ಳಿ.

ಮಾನ್ವಿ ಮಾಸ್ತರ್: ಸರ್, ಗೈಡ್ ಕೂರಿಸಲು ದಾರ ಸುತ್ತಿ ಎಪಾಕ್ಸಿ ಅಂಟು ಹಚ್ಚಿದರೆ ಅರ್ಧದಲ್ಲೇ ಬೆಲ್ಲದ ಪಾಕದ ಹಾಗೆ ಎಳೆ ಎಳೆ ಬರುತ್ತೆ. ಗುಳ್ಳೆ ಬೇರೆ.

ರಾಡ್ ಅಣ್ಣ: ಮಾಸ್ತರೇ, ನಮ್ಮ ಬಿಸಿಲಿಗೆ ಬೇರೆ ಏನಾಗುತ್ತೆ? ಬಾಟಲಿ ಮೇಲೆ ಬರೆದ ಟೈಮ್ ರಾಯಚೂರಿನ ಮೇ ತಿಂಗಳಿಗಲ್ಲ. ಬೆಳಗ್ಗೆ ಐದಕ್ಕೆ ಎದ್ದು ಹಚ್ಚಿ. ಎರಡೂ ಬಾಟಲಿಯಿಂದ ಸಮ ಸಮ, ಸಿರಿಂಜಿನಲ್ಲಿ ಅಳೆದು. ಕಲಸಿದ ಮೇಲೆ ಲೋಟದಲ್ಲಿ ಬಿಡಬೇಡಿ, ಅಗಲವಾದ ತಟ್ಟೆಗೆ ಸುರಿಯಿರಿ. ಗುಡ್ಡೆಯಾಗಿದ್ದರೆ ತಾನೇ ಬಿಸಿಯಾಗಿ ಬೇಗ ಗಟ್ಟಿಯಾಗುತ್ತೆ, ತೆಳ್ಳಗೆ ಹರಡಿದರೆ ಸ್ವಲ್ಪ ಟೈಮ್ ಸಿಗುತ್ತೆ. ರಾಡ್ ನಿಧಾನ ತಿರುಗುತ್ತಲೇ ಇರಬೇಕು. ಕರೆಂಟ್ ಹೋದರೆ ಕೈಯಲ್ಲಿ ತಿರುಗಿಸಿ, ಇಲ್ಲದಿದ್ದರೆ ಕೆಳಗೆ ಇಳಿದು ಹೊಟ್ಟೆ ಬರುತ್ತೆ.

ಮುನಿರಾಬಾದ್ ಮೊಮ್ಮಗ: ಅಣ್ಣಾ, ನಮ್ಮ ತಾತ ಡ್ಯಾಮ್ ಕ್ಯಾಂಪಿನಲ್ಲಿ ಕೆಲಸ ಮಾಡುತ್ತಿದ್ದರು. ಅವರ ರಾಡ್ ಸಿಕ್ಕಿದೆ. ಎರಡು ತುಂಡು, ಜೇನಿನ ಬಣ್ಣ, ಫೆನ್ವಿಕ್ ಅಂತ ಇದೆ, ಪಕ್ಕದಲ್ಲಿ ಎಫ್‌ಎಫ್ 857. ಮೇಲಿನ ತುಂಡಿನಲ್ಲಿ, ಜಾಯಿಂಟ್‌ನಿಂದ ಒಂದು ಗೇಣು ಮೇಲೆ, ಬಿಳಿ ಗೆರೆ ಉಂಗುರದ ಹಾಗೆ ಇದೆ. ಇದಕ್ಕೆ 50 ಪೌಂಡಿನ ಬ್ರೇಡ್ ದಾರ, ದೊಡ್ಡ ಸ್ಪಿನ್ನಿಂಗ್ ರೀಲ್ ಹಾಕಿ ಹಿನ್ನೀರಿನಲ್ಲಿ ಕಟ್ಲಾ ಹಿಡಿಯೋಣ ಅಂತ. ಒಬ್ಬರು ಗೆರೆ ಉಜ್ಜಿ ಪೇಂಟ್ ಹೊಡೆದು ಕೊಡುತ್ತೇನೆ ಅಂದಿದ್ದಾರೆ. ಕೊಡಲಾ?

ಕಾರಟಗಿ ಟೈಗರ್: ಫಾರ್ವರ್ಡೆಡ್: *ಮುರಿದ ರಾಡ್ 2 ನಿಮಿಷದಲ್ಲಿ ಸರಿ! ಸೂಪರ್ ಗ್ಲೂ + ಅಡುಗೆ ಸೋಡಾ. ಕಬ್ಬಿಣಕ್ಕಿಂತ ಗಟ್ಟಿ. ಎಲ್ಲರಿಗೂ ಕಳಿಸಿ* 👍

ರಾಡ್ ಅಣ್ಣ: ಮೊಮ್ಮಗ, ಕೊಡಬೇಡಿ. ಮೊದಲು ಆ ರಾಡನ್ನು ಕೆಳಗೆ ಇಡಿ, ಆಮೇಲೆ ಇದನ್ನು ಓದಿ.

ಆ ನಂಬರ್‌ನಲ್ಲೇ ಎಲ್ಲ ಇದೆ. 85 ಅಂದರೆ ಎಂಟೂವರೆ ಅಡಿ. ಕೊನೆಯ 7 ಅಂದರೆ ಏಳನೇ ನಂಬರಿನ ಫ್ಲೈ ದಾರ. ಇದು ಫ್ಲೈ ರಾಡ್. ದಾರದ ಭಾರದಲ್ಲೇ ಹುಳುವಿನಂಥ ಹಗುರ ಗಾಳ ಎಸೆಯುವ ರಾಡ್. ರೀಲ್ ಸೀಟ್ ಹಿಡಿಯ ಕೆಳಗೆ, ಬುಡದ ತುದಿಯಲ್ಲೇ ಇದೆಯಲ್ಲ? ನೋಡಿ. ಇದಕ್ಕೆ 50 ಪೌಂಡ್ ದಾರ ಹಾಕಿ ಕಟ್ಲಾ ಎಳೆಯುವುದು ಅಂದರೆ ಸೈಕಲ್ಲಿಗೆ ಭತ್ತದ ಮೂಟೆ ಹೇರಿದ ಹಾಗೆ. ಮೀನು ಹೋಗುತ್ತೆ, ರಾಡೂ ಹೋಗುತ್ತೆ.

ಜಾಯಿಂಟ್ ನೋಡಿ. ಲೋಹ ಇರಲ್ಲ, ಗಾಜಿನ ನಾರಿನ ಮೇಲೇ ಗಾಜಿನ ನಾರು ಕೂರುತ್ತೆ. ಅದಕ್ಕೆ ಅವರು ಇಟ್ಟ ಹೆಸರು ಫೆರಲೈಟ್. ಆ ಕಾಲಕ್ಕೆ ಅದೇ ದೊಡ್ಡ ಸಂಗತಿ. ಲೋಹದ ಜಾಯಿಂಟ್ ಬಾಗುವುದಿಲ್ಲ, ರಾಡಿನ ನಡುವೆ ಸತ್ತ ಜಾಗ ಇದ್ದ ಹಾಗೆ. ಇದು ತಾನೂ ಬಾಗುತ್ತೆ.

ಈಗ ನನ್ನ ತಲೆ ತಿನ್ನುತ್ತಿರುವುದು ಆ ಗೆರೆ. ಇಂಥ ಜಾಯಿಂಟ್ ಒಡೆದರೆ ಸಾಮಾನ್ಯವಾಗಿ ಮೇಲಿನ ತುಂಡಿನ ಬಾಯಲ್ಲಿ ಒಡೆಯುತ್ತೆ, ಅದೂ ಉದ್ದಕ್ಕೆ, ಬಿದಿರು ಸೀಳಿದ ಹಾಗೆ. ನಿಮ್ಮದು ಅಡ್ಡಕ್ಕೆ, ಅದೂ ಒಂದು ಗೇಣು ಮೇಲೆ. ಅಡ್ಡ ಬಿಳಿ ಉಂಗುರ ಬಂದರೆ ಅಲ್ಲಿ ಪದೇ ಪದೇ ಜಾಸ್ತಿ ಬಾಗಿ ಒಳಗಿನ ರಾಳ ಬಿರಿದಿದೆ ಅಂತ ಅರ್ಥ. ಒಂದೇ ಜಾಗದಲ್ಲಿ ಯಾಕೆ ಬಾಗಿತು? ಅಲ್ಲಿ ಏನೋ ಇದೆ, ಇಲ್ಲ ಏನೋ ಆಗಿದೆ. ಉಜ್ಜಿ ಪೇಂಟ್ ಹೊಡೆದರೆ ಗೆರೆ ಮುಚ್ಚುತ್ತೆ, ಜೊತೆಗೆ ಇರುವ ನಾರೂ ಸವೆಯುತ್ತೆ.

ಮೂರು ಕೆಲಸ ಮಾಡಿ. ಗೆರೆ ಇರುವ ಜಾಗವನ್ನು ಕಿವಿಯ ಹತ್ತಿರ ಹಿಡಿದು ಚೂರೇ ಚೂರು ಬಾಗಿಸಿ. ಟಿಕ್ ಅಂದರೆ ನಿಲ್ಲಿಸಿ. ಎರಡನೆಯದು, ಎರಡೂ ತುಂಡು ಸೇರಿಸಿದಾಗ ನಡುವೆ ಸಣ್ಣ ಸಂದು ಉಳಿಯಬೇಕು. ಪೂರ್ತಿ ಕೂತರೆ ಜಾಯಿಂಟ್ ಸವೆದಿದೆ. ಮೂರನೆಯದು, ಗೈಡ್‌ಗಳ ಒಳಗೆ ಹತ್ತಿ ಎಳೆಯಿರಿ. ಹತ್ತಿ ಸಿಕ್ಕಿದ ಕಡೆ ಗೀರಿದೆ. ಅದು ದಾರ ಕೊಯ್ಯುತ್ತೆ. ಹೇಳಿ.

ಇನ್ನು ಟೈಗರ್, ನಿಮಗೆ ಹೇಳುತ್ತೇನೆ. ಸೂಪರ್ ಗ್ಲೂ ಸೋಡಾ ಸೇರಿದರೆ ಗಟ್ಟಿಯಾಗುತ್ತೆ, ನಿಜ. ಗಟ್ಟಿ, ಆದರೆ ಬಾಗಲ್ಲ. ರಾಡಿಗೆ ಬೇಕಾಗಿರುವುದು ಬಾಗುವುದು. ಇಂಥದ್ದು ಇನ್ನು ಹಾಕಬೇಡಿ.

ಸಿರುಗುಪ್ಪ ರೈಡರ್: ಅಣ್ಣಾ, 12 ಅಡಿ ಕಾರ್ಬನ್ ರಾಡ್ ತಗೊಂಡೆ. ಕಾಲುವೆ ಏರಿ ಮೇಲೆ ನಿಂತು ಎಸೆಯಬಹುದಾ? ಮೇಲೆ ಕರೆಂಟ್ ತಂತಿ ಇದೆ, ಆದರೆ ಎತ್ತರದಲ್ಲಿದೆ.

ರಾಡ್ ಅಣ್ಣ: ಬೇಡ. ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತೆ. 11 ಕೆವಿ ತಂತಿ ಮುಟ್ಟಲೇಬೇಕು ಅಂತಿಲ್ಲ, ಹತ್ತಿರ ಹೋದರೂ ಸಾಕು. ಗ್ಲಾಸ್ ರಾಡ್ ಆದರೂ ಒದ್ದೆಯಾಗಿದ್ದರೆ ನಂಬಬೇಡಿ. ಗುಡುಗು ಬಂದರೆ ರಾಡ್ ನೆಲಕ್ಕಿಟ್ಟು ದೂರ ಹೋಗಿ. ಜಾಗ ಬದಲಿಸಿ, ತಮ್ಮಾ.

ಕೊಪ್ಪಳ ಕೋಟೆ: ಹಿಡಿಗೆ ಕಾರ್ಕ್ ಎಲ್ಲಿ ಸಿಗುತ್ತೆ ಸರ್?

ಕಂಪ್ಲಿ ಹುಡುಗ: ಇಷ್ಟೆಲ್ಲ ಯಾಕೆ? ನಮ್ಮ ಬಿದಿರೇ ಸಾಕು. ನಾನು ಸೇತುವೆ ಕೆಳಗೆ ಹತ್ತು ಕೆಜಿ ಬಾಳೆ ಮೀನು ಎಳೆದಿದ್ದೇನೆ.

ಆನೆಗೊಂದಿ ಬಂಡೆ: ಕಂಪ್ಲಿ ಸೇತುವೆ ಕೆಳಗೆ? ಮುದ್ಲಾಪುರದಿಂದ ಕಂಪ್ಲಿವರೆಗೆ ತುಂಗಭದ್ರಾ ನದಿ ನೀರುನಾಯಿಗಳಿಗೆ ಮೀಸಲು ಅಂತ 2015ರಲ್ಲೇ ಆಗಿದೆ. 34 ಕಿಲೋಮೀಟರ್. ಗೊತ್ತಿಲ್ವಾ?

ಕಂಪ್ಲಿ ಹುಡುಗ: ಗೊತ್ತು. ನೀರುನಾಯಿ ನಮ್ಮ ಮಾವನ ಬಲೆ ಹರಿದಾಗ ಯಾರು ಬಂದು ಹೊಲಿದುಕೊಟ್ಟರು, ಅದು ನಿಮಗೆ ಗೊತ್ತಾ?

ಆನೆಗೊಂದಿ ಬಂಡೆ: ಬಲೆ ಬೇರೆ, ಗಾಳ ಬೇರೆ. ಮದ್ದು ಸಿಡಿಸಿ ಮೀನು ಹಿಡಿಯುವವರೂ ಇದೇ ಮಾತು ಹೇಳುತ್ತಾರೆ.

ಕಂಪ್ಲಿ ಹುಡುಗ: ನಾನು ಮದ್ದು ಸಿಡಿಸಿದ್ದನ್ನು ನೋಡಿದ್ದೀರಾ? ನೋಡಿದ್ದರೆ ಹೇಳಿ. ಇಲ್ಲದಿದ್ದರೆ ಬಾಯಿ ಮುಚ್ಚಿ.

ಮಾನ್ವಿ ಮಾಸ್ತರ್: ಇಬ್ಬರೂ ಶಾಂತವಾಗಿ. ಇದು ರಾಡ್ ಪ್ರಶ್ನೋತ್ತರ.

ಆನೆಗೊಂದಿ ಬಂಡೆ: ಮಾಸ್ತರೇ, ನದಿ ನಿಮ್ಮ ಮನೆ ಮುಂದೆ ಹರಿಯಲ್ಲ, ಅದಕ್ಕೆ ಶಾಂತ.

ರಾಡ್ ಅಣ್ಣ: ಮೀಸಲು ಜಾಗದಲ್ಲಿ ಹಿಡಿಯಬೇಡಿ. ಮಾತು ಮುಗೀತು. ಬಿದಿರಿನ ವಿಷಯ ಹೇಳುತ್ತೇನೆ. ಹಿಂದೆ ಇಂಗ್ಲೆಂಡ್, ಅಮೆರಿಕದಲ್ಲಿ ಸೀಳು ಬಿದಿರಿನ ರಾಡ್ ಕಟ್ಟುವವರು ನಮ್ಮ ದೇಶದ ಬಿದಿರನ್ನೇ ಕಲ್ಕತ್ತಾ ಕೇನ್ ಅಂತ ತರಿಸುತ್ತಿದ್ದರು. ಆಮೇಲೆ ಚೀನಾದ ಟೊಂಕಿನ್ ಬಿದಿರಿಗೆ ಹೋದರು. ಹಾಗಾಗಿ ಕಂಪ್ಲಿಯವರ ಮಾತು ಪೂರ್ತಿ ಸುಳ್ಳಲ್ಲ. ಸೇತುವೆಯ ಮಾತು ತಪ್ಪು.

ಕಾರಟಗಿ ಟೈಗರ್: ಫಾರ್ವರ್ಡೆಡ್: *ಜಾಯಿಂಟ್ ಸಿಕ್ಕಿಕೊಂಡರೆ ಕುದಿಯುವ ನೀರಿನಲ್ಲಿ ಅದ್ದಿ, ಹರಳೆಣ್ಣೆ ಬಿಡಿ*

ರಾಡ್ ಅಣ್ಣ: ಟೈಗರ್, ಒಂದು ಸಲ ಹೇಳಿದ್ದೆ. ಕುದಿಯುವ ನೀರು ಬಿದ್ದರೆ ದಾರದ ಮೇಲಿನ ಎಪಾಕ್ಸಿ ಮೆತ್ತಗಾಗುತ್ತೆ. ಎಣ್ಣೆಗೆ ಧೂಳು ಹಿಡಿದು ಅರದ ಹಾಗೆ ಉಜ್ಜುತ್ತೆ. ಇಬ್ಬರು ಎದುರೆದುರು ನಿಂತು, ಇಬ್ಬರೂ ಎರಡೂ ತುಂಡಿನ ಮೇಲೆ ಒಂದೊಂದು ಕೈ ಇಟ್ಟು, ನೇರ ಎಳೆಯಿರಿ. ಮುಂದಕ್ಕೆ ಸಿಕ್ಕಿಕೊಳ್ಳಬಾರದು ಅಂದರೆ ಜಾಯಿಂಟಿಗೆ ಮೇಣದಬತ್ತಿ ಉಜ್ಜಿ ಒರೆಸಿ. ಅಷ್ಟೇ.

ಲಿಂಗಸುಗೂರು ಫ್ರೆಂಡ್: ಹಳೆ ಬ್ಲ್ಯಾಂಕ್ ಎಲ್ಲಿ ಸಿಗುತ್ತೆ ಅಣ್ಣಾ?

ರಾಡ್ ಅಣ್ಣ: ಮೇಲೆ ಇದೆ.

ಸಿಂಧನೂರು ಭತ್ತ: ಹಳೆ ಗ್ಲಾಸ್ ಬ್ಲ್ಯಾಂಕ್ ಇದ್ದರೆ ರೇಟ್ ಹೇಳಿ.

ರಾಡ್ ಅಣ್ಣ: ಮೇಲೆ.

ಕೊಪ್ಪಳ ಕೋಟೆ: ಕಾರ್ಕ್?

ಗಂಗಾವತಿ ಸೋನಾ: ಕೇಳಿದರೆ ಮೇಲೆ ಮೇಲೆ ಅಂತಾರೆ. ದೊಡ್ಡವರು.

ರಾಡ್ ಅಣ್ಣ: ಸೋನಾ, ನಿಮಗೆ ಉತ್ತರ ಕೊಟ್ಟಾಗಿದೆ. ನಾನು ಬೆಳಗ್ಗೆ ಆರರಿಂದ ದಾರ ಸುತ್ತಿ ಕಣ್ಣು ಉರಿಯುತ್ತಿದೆ. ಊಟ ಮಾಡಿಲ್ಲ.

ಮುನಿರಾಬಾದ್ ಮೊಮ್ಮಗ: ಅಣ್ಣಾ, ನೋಡಿದೆ. ಸಂದು ಒಂದು ಬೆರಳಿನ ಅಗಲ ಇದೆ. ಹತ್ತಿ ತುದಿಯ ಉಂಗುರದಲ್ಲಿ ಮಾತ್ರ ಸಿಕ್ಕಿತು. ಬಾಗಿಸಿದರೆ ಟಿಕ್ ಅನ್ನುತ್ತೆ, ಸಣ್ಣಗೆ. ಆಮೇಲೆ ಮೇಲಿನ ತುಂಡಿನ ಬಾಯೊಳಗೆ ಮೊಬೈಲ್ ಟಾರ್ಚ್ ಬಿಟ್ಟೆ. ಒಳಗೆ ಏನೋ ಇದೆ. ಕಡ್ಡಿ ಹಾಕಿ ಅಳೆದರೆ ನಾಲ್ಕು ಬೆರಳು ಮೇಲೆ ತಾಗುತ್ತೆ. ಬಿದಿರಿನ ತುಂಡು ಅನ್ನಿಸುತ್ತೆ, ಸುತ್ತ ಕಪ್ಪು ಅಂಟು.

ರಾಡ್ ಅಣ್ಣ: ಫೋಟೋ ಹಾಕಿ. ಈಗಲೇ.

ರಾಡ್ ಅಣ್ಣ: ನೋಡಿದೆ. ನಿಮ್ಮ ತಾತ ಇದನ್ನು ಒಂದು ಸಲ ಮುರಿದಿದ್ದಾರೆ. ಮುರಿದು, ಒಳಗೆ ಬಿದಿರಿನ ಗೂಟ ಹೊಡೆದು, ಅಂಟಿಸಿ, ಹೊರಗಿನ ದಾರದ ಕೆಳಗೆ ಮುಚ್ಚಿದ್ದಾರೆ. ಗೂಟದ ಮೇಲಿನ ತುದಿ ನಿಮ್ಮ ಗೆರೆ ಇರುವ ಕಡೆಯೇ ಮುಗಿಯುತ್ತೆ, ಅಳೆದು ನೋಡಿ ಬೇಕಾದರೆ. ಗೂಟ ಇರುವ ತನಕ ರಾಡ್ ಬಾಗಲ್ಲ, ಮುಗಿದ ತಕ್ಷಣ ಬಾಗು ಎಲ್ಲ ಅಲ್ಲೇ ಬೀಳುತ್ತೆ. ಗೂಟದ ತುದಿಯನ್ನು ಪೆನ್ಸಿಲ್ ಹಾಗೆ ಸಣ್ಣಗೆ ಕೆತ್ತಿದ್ದರೆ ಹೀಗೆ ಆಗುತ್ತಿರಲಿಲ್ಲ. ಆದರೂ ಕೆಲಸ ಒಳ್ಳೆಯದು. ಇಷ್ಟು ವರ್ಷ ತಡೆದಿದೆ.

ಮುನಿರಾಬಾದ್ ಮೊಮ್ಮಗ: ತಾತ ಮುರಿದ ವಿಷಯ ಅಜ್ಜಿಗೂ ಗೊತ್ತಿಲ್ಲವಂತೆ. ಗೂಟ ತೆಗೆಯಲಾ ಅಣ್ಣಾ?

ರಾಡ್ ಅಣ್ಣ: ಮುಟ್ಟಬೇಡಿ. ಬಿಸಿ ಮಾಡಬೇಡಿ. ಭಾನುವಾರ ಬಳ್ಳಾರಿಗೆ ತನ್ನಿ, ಎರಡೂ ತುಂಡು ಬೇರೆ ಬೇರೆಯಾಗಿ, ಪಿವಿಸಿ ಪೈಪಿನೊಳಗೆ, ಬಟ್ಟೆ ತುರುಕಿ. ಬಸ್ಸಿನಲ್ಲಿ ಮೇಲೆ ಇಡಬೇಡಿ, ಕಾಲಿನ ಹತ್ತಿರ ಇಟ್ಟುಕೊಳ್ಳಿ. ಗೆರೆಯ ಮೇಲೆ ತೆಳ್ಳಗೆ ಗಾಜಿನ ನಾರು ಸುತ್ತಿ ನೋಡೋಣ. ಆಮೇಲೆ ಅದರಲ್ಲಿ ಸಣ್ಣ ಮೀನು ಹಿಡಿಯಬಹುದು. ಕಟ್ಲಾ ಅಲ್ಲ.

ಕಾರಟಗಿ ಟೈಗರ್: ಬಿದಿರಿನ ಗೂಟ ಹಾಕಬಹುದು, ಸೋಡಾ ಹಾಕಬಾರದಾ?

ಅಡ್ಮಿನ್: ಟೈಗರ್ ಅವರನ್ನು ಒಂದು ದಿನ ಮ್ಯೂಟ್ ಮಾಡಲಾಗಿದೆ.

ಕೊಪ್ಪಳ ಕೋಟೆ: ಸರ್, ಕಾರ್ಕ್...