ಅಪ್‌ಡೇಟ್: ಗೇಮ್‌ನಲ್ಲೇ ಮುಳುಗಿದ್ದ ತಮ್ಮನ ವಿಷಯ

ಅಪ್ಪ ಹೋದ ಮೇಲೆ ತಮ್ಮ ಹಗಲು ರಾತ್ರಿ ಮೊಬೈಲ್ ಗೇಮ್‌ನಲ್ಲೇ ಇರುತ್ತಾನೆ, ಅಂಗಡಿ ಬಾಗಿಲು ತೆಗೆಯುವುದಿಲ್ಲ, ಸಾಲದ ಕಂತು ಕಟ್ಟುವುದಿಲ್ಲ, ಏನು ಮಾಡಲಿ ಅಂತ ಕೇಳಿದ್ದೆ. ಮೊಬೈಲ್ ಕಿತ್ತುಕೊಳ್ಳಿ ಅಂದವರೇ ಜಾಸ್ತಿ. ನಾನು ಹಾಗೆ ಮಾಡಲಿಲ್ಲ.

ಮೊದಲು 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿದೆ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ನ ಶಟ್ ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ಮೊಬೈಲ್, ಗೇಮ್ ಚಟಕ್ಕೆಂದೇ 2014ರಲ್ಲಿ ಶುರುವಾದದ್ದು ಅದು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲೂ ಗೇಮಿಂಗ್ ಚಟ ಇದೆ. 2022ರಿಂದ ಆ ಪಟ್ಟಿ ಜಾರಿಯಲ್ಲಿದೆ. ಸೋಮಾರಿ ಅಂತ ಬೈಯುವ ನೆಂಟರಿಗೆ ಇದನ್ನೇ ಹೇಳಿದೆ.

ಕ್ಲಿನಿಕ್‌ನಲ್ಲಿ ಗೇಮ್‌ಗಿಂತ ಅಪ್ಪನ ಬಗ್ಗೆ ಕೇಳಿದ್ದೇ ಜಾಸ್ತಿ. "ಅಂಗಡಿಗೆ ಹೋದರೆ ಅಪ್ಪ ನೆನಪಾಗ್ತಾರೆ, ಸಾಲದವರು ಬರ್ತಾರೆ. ಗೇಮಲ್ಲಿ ಅದ್ಯಾವುದೂ ಇರಲ್ಲ" ಅಂದ ತಮ್ಮ. ಮನೆಯಲ್ಲಿ ಯಾರ ಹತ್ತಿರವೂ ಅವನು ಇದನ್ನು ಹೇಳಿರಲಿಲ್ಲ. ಕೇಳಿ ನನಗೆ ತುಂಬಾ ಸಂಕಟವಾಯಿತು.

ಈಗ ಬೆಳಗ್ಗೆ ಅಂಗಡಿ ತೆಗೆಯುತ್ತಾನೆ. ಆಟ ಪೂರ್ತಿ ನಿಂತಿಲ್ಲ, ಆದರೆ ರಾತ್ರಿ ನಿದ್ದೆ ಮಾಡುತ್ತಾನೆ. ಸಾಲದ ಲೆಕ್ಕ ಇಬ್ಬರೂ ಕೂತು ನೋಡುತ್ತಿದ್ದೇವೆ. ಕೌನ್ಸೆಲಿಂಗ್ ನಡೀತಿದೆ. ಪಕ್ಕದ ಅಂಗಡಿಯವರ ಮಗನೂ ಹೀಗೇ ಇದ್ದಾನಂತೆ. ಅವರಿಗೂ ಆ ನಂಬರ್ ಕೊಟ್ಟಿದ್ದೇನೆ.